ಕಿಟಕಿಯ ಪಕ್ಕದಲ್ಲೇ ಓಡುತ್ತಿದ್ದ ರೈಲು

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದಲ್ಲಿ ಥರ್ಡ್ ಅವೆನ್ಯೂ ಎಂಬ ಉದ್ದನೆಯ ರಸ್ತೆಯಿದೆ. ಇಕ್ಕೆಲಗಳಲ್ಲಿ ಗಾಜಿನ ಗೋಡೆಗಳ ಎತ್ತರದ ಕಚೇರಿಗಳು, ನಡುವೆ ಅಗಲವಾದ ದಾರಿ, ಮೇಲೆ ಆಕಾಶ. ಈ ರಸ್ತೆಯಲ್ಲಿ ನಿಂತವರಿಗೆ ಆಕಾಶ ಕಾಣುವುದು ಸಹಜವೆಂದೇ ತೋರುತ್ತದೆ. ಆದರೆ 1878ರಿಂದ 1955ರವರೆಗೆ, ಅಂದರೆ ಎಪ್ಪತ್ತಾರು ವರ್ಷಗಳ ಕಾಲ, ಇಲ್ಲಿ ತಲೆಯೆತ್ತಿ ನೋಡಿದವರಿಗೆ ಕಾಣುತ್ತಿದ್ದುದು ಕಬ್ಬಿಣದ ತೊಲೆಗಳು ಮತ್ತು ರೈಲು ಹಳಿಗಳು. ಕೆಲವೇ ನಿಮಿಷಗಳಿಗೊಮ್ಮೆ ಅವುಗಳ ಮೇಲೆ ಗಡಗಡನೆ ರೈಲು ಹಾದುಹೋಗುತ್ತಿತ್ತು.

ಇದನ್ನು ಊರಿನ ಜನ ‘ಎಲ್’ ಎಂದು ಕರೆಯುತ್ತಿದ್ದರು. ಎಲಿವೇಟೆಡ್, ಅಂದರೆ ನೆಲದಿಂದ ಎತ್ತರಿಸಿದ ರೈಲುದಾರಿ ಎಂಬುದರ ಮೊಟಕು ರೂಪ ಅದು. ಮ್ಯಾನ್‌ಹಟನ್ನಿನಲ್ಲಿ ಇಂಥ ನಾಲ್ಕು ಮುಖ್ಯ ದಾರಿಗಳಿದ್ದವು. ಸೆಕೆಂಡ್, ಥರ್ಡ್, ಸಿಕ್ಸ್ತ್ ಮತ್ತು ನೈಂತ್ ಅವೆನ್ಯೂಗಳ ಮೇಲೆ ದಕ್ಷಿಣೋತ್ತರವಾಗಿ ಅವು ಹಬ್ಬಿದ್ದವು. ಇಂದು ಆ ನಾಲ್ಕೂ ಇಲ್ಲ. ಇದ್ದಾಗ ಇವುಗಳನ್ನು ಶಪಿಸದ ದಿನವಿರಲಿಲ್ಲ. ಹೋದ ಮೇಲೆ ಇವುಗಳನ್ನು ನೆನೆದು ನಿಟ್ಟುಸಿರು ಬಿಡದವರಿರಲಿಲ್ಲ. ಒಂದೇ ಊರಿನ ಜನ ಒಂದೇ ವಸ್ತುವನ್ನು ಇಷ್ಟು ದ್ವೇಷಿಸಿ, ಮತ್ತೆ ಇಷ್ಟು ಪ್ರೀತಿಸಿದ್ದು ಹೇಗೆ?

ಕುದುರೆ ಗಾಡಿಗಳ ಊರು

ಮ್ಯಾನ್‌ಹಟನ್ ಉದ್ದಕ್ಕೆ ಚಾಚಿಕೊಂಡ ಇಕ್ಕಟ್ಟಾದ ದ್ವೀಪ. 1870ರ ಜನಗಣತಿಯ ಹೊತ್ತಿಗೆ ಅಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು. ಬಹುಪಾಲು ಮಂದಿ ದ್ವೀಪದ ದಕ್ಷಿಣದ ತುದಿಯ ಕಡೆಗೇ ಒತ್ತಿಕೊಂಡು ಬಾಳುತ್ತಿದ್ದರು. ಬಂದರು, ಮಾರುಕಟ್ಟೆ, ಕಾರ್ಖಾನೆಗಳೆಲ್ಲ ಅಲ್ಲೇ ಇದ್ದವು. ಉತ್ತರದಲ್ಲಿ ಬಯಲು ಬೇಕಾದಷ್ಟಿತ್ತು. ಆದರೆ ಅಲ್ಲಿ ಮನೆ ಮಾಡಿದವನು ಕೆಲಸಕ್ಕೆ ಬರುವುದು ಹೇಗೆ? ಕುದುರೆಗಳು ಎಳೆಯುವ ಟ್ರಾಮು ಮತ್ತು ಸಾರೋಟುಗಳನ್ನು ಬಿಟ್ಟರೆ ಬೇರೆ ವಾಹನವಿರಲಿಲ್ಲ. ಅವು ಜನಜಂಗುಳಿಯ ಬೀದಿಗಳಲ್ಲಿ ತೆವಳುತ್ತಿದ್ದವು.

ಲಂಡನ್ನಿನಲ್ಲಿ 1863ರಲ್ಲೇ ನೆಲದಡಿಯ ರೈಲು ಶುರುವಾಗಿತ್ತು. ನ್ಯೂಯಾರ್ಕ್ ಆಗ ಆರಿಸಿಕೊಂಡದ್ದು ಅದಕ್ಕೆ ವಿರುದ್ಧವಾದ ದಾರಿಯನ್ನು. ಸುರಂಗ ಕೊರೆಯುವುದು ದುಬಾರಿ. ಇರುವ ರಸ್ತೆಯ ಮೇಲೆ ಕಂಬ ನೆಟ್ಟು ಹಳಿ ಹಾಸುವುದು ಅಗ್ಗ. ಚಾರ್ಲ್ಸ್ ಹಾರ್ವೆ ಎಂಬ ಸಾಹಸಿ ಗ್ರೀನ್‌ವಿಚ್ ಸ್ಟ್ರೀಟಿನಲ್ಲಿ ಒಂದೇ ಸಾಲಿನ ಕಂಬಗಳ ಮೇಲೆ ಹಳಿ ಕೂರಿಸಿದ. 1867ರ ಕೊನೆಯಲ್ಲಿ ಪುಟ್ಟ ಗಾಡಿಯೊಂದರ ಮೇಲೆ ತಾನೇ ಕುಳಿತು ಅದನ್ನು ಪರೀಕ್ಷಿಸಿದ. ಉದ್ದನೆಯ ಟೋಪಿ ಧರಿಸಿದ ಆತ ಬೀದಿಯ ಮೇಲೆ ಅಂತರದಲ್ಲಿ ಕುಳಿತಂತೆ ಕಾಣುವ ಚಿತ್ರ ಇಂದಿಗೂ ಉಳಿದಿದೆ. ಈ ಗಾಡಿಯನ್ನು ಎಳೆಯುತ್ತಿದ್ದುದು ಎಂಜಿನ್ ಅಲ್ಲ, ಉಕ್ಕಿನ ಹಗ್ಗ. ಹಗ್ಗದ ಏರ್ಪಾಟು ಪದೇಪದೇ ಕೈಕೊಟ್ಟಿತು, ಹಾರ್ವೆಯ ಕಂಪೆನಿ ಮುಳುಗಿತು. 1871ರಲ್ಲಿ ಹೊಸ ಮಾಲೀಕರು ಅದೇ ದಾರಿಯಲ್ಲಿ ಉಗಿ ಎಂಜಿನ್ ಓಡಿಸತೊಡಗಿದರು. ಮುಂದೆ ಇದೇ ನೈಂತ್ ಅವೆನ್ಯೂ ಎಲ್ ಆಯಿತು.

ವೈದ್ಯನೊಬ್ಬನ ಕನಸು

ಈ ಕಥೆಯಲ್ಲಿ ಮರೆಯಬಾರದ ಇನ್ನೊಬ್ಬನಿದ್ದಾನೆ. ಆತ ಎಂಜಿನಿಯರ್ ಅಲ್ಲ, ವೈದ್ಯ. ಹೆಸರು ರೂಫಸ್ ಗಿಲ್ಬರ್ಟ್. ಬಡವರ ಕೇರಿಗಳಲ್ಲಿ ಹರಡುತ್ತಿದ್ದ ರೋಗಗಳಿಗೆ ಗಾಳಿ-ಬೆಳಕಿಲ್ಲದ ಇಕ್ಕಟ್ಟಾದ ಮನೆಗಳೇ ಕಾರಣ ಎಂದು ಆತ ನಂಬಿದ್ದ. ವೇಗದ, ಅಗ್ಗದ ವಾಹನ ಸಿಕ್ಕರೆ ಬಡವರು ಊರ ಹೊರಗೆ ಹೋಗಿ ಶುದ್ಧ ಗಾಳಿಯಲ್ಲಿ ಬಾಳಬಹುದು ಎಂಬುದು ಆತನ ವಾದ. ರೋಗಕ್ಕೆ ಔಷಧಿಗಿಂತ ರೈಲೇ ಮದ್ದು ಎಂದು ಹೊರಟ ವೈದ್ಯ ಆತ.

ಗಿಲ್ಬರ್ಟನ ಮೊದಲ ಯೋಜನೆ ಚಮತ್ಕಾರದ್ದು. ರಸ್ತೆಯ ಮೇಲೆ ಕಮಾನುಗಳನ್ನು ಕಟ್ಟಿ, ಅವುಗಳ ಮೇಲೆ ದೊಡ್ಡ ಕೊಳವೆಗಳನ್ನಿಟ್ಟು, ಗಾಳಿಯ ಒತ್ತಡದಿಂದ ಬೋಗಿಗಳನ್ನು ಓಡಿಸಬೇಕೆಂದಿದ್ದ. ಅದು ಕೈಗೂಡಲಿಲ್ಲ. ಕೊನೆಗೆ ಎದ್ದದ್ದು ಮಾಮೂಲಿ ಉಗಿ ಎಂಜಿನ್ನಿನ ದಾರಿಯೇ. 1878ರ ಜೂನ್ 5ರಂದು ಸಿಕ್ಸ್ತ್ ಅವೆನ್ಯೂ ಎಲ್ ಸಂಚಾರ ಆರಂಭಿಸಿತು. ಆದರೆ ಅಷ್ಟರಲ್ಲಿ ಕಂಪೆನಿ ಹಣವಂತರ ಕೈಸೇರಿ, ಗಿಲ್ಬರ್ಟನೇ ಹೊರಗುಳಿಯುವಂತಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಥರ್ಡ್ ಅವೆನ್ಯೂ ಎಲ್, 1880ರಲ್ಲಿ ಸೆಕೆಂಡ್ ಅವೆನ್ಯೂ ಎಲ್ ಶುರುವಾದವು. ಅಟ್ಲಾಂಟಿಕ್ ಸಾಗರದಡಿ ತಂತಿ ಹಾಸಿಸಿ ಹೆಸರಾಗಿದ್ದ ಸೈರಸ್ ಫೀಲ್ಡ್ ಇದರಲ್ಲಿ ಹಣ ಹೂಡಿದ. ಷೇರುಪೇಟೆಯ ಚಾಣಾಕ್ಷ ಜೇ ಗೌಲ್ಡ್ 1881ರಲ್ಲಿ ಎಲ್ಲ ದಾರಿಗಳನ್ನೂ ನಡೆಸುತ್ತಿದ್ದ ಮ್ಯಾನ್‌ಹಟನ್ ರೈಲ್ವೆ ಕಂಪೆನಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡ. ಬಡವರ ಆರೋಗ್ಯಕ್ಕೆಂದು ಮೊಳೆತ ಕಲ್ಪನೆ ಹೀಗೆ ಲಾಭದ ವ್ಯಾಪಾರವಾಯಿತು.

ಆದರೂ ವೈದ್ಯನ ಲೆಕ್ಕ ಪೂರ್ತಿ ತಪ್ಪಲಿಲ್ಲ. ರೈಲು ಉತ್ತರಕ್ಕೆ ಹೋದ ಹಾಗೆಲ್ಲ ಊರು ಅದರ ಹಿಂದೆಯೇ ಬೆಳೆಯಿತು. ಹಾರ್ಲೆಮ್ ಪ್ರದೇಶದಲ್ಲಿ ಸಾಲುಸಾಲು ಮನೆಗಳು ಎದ್ದವು. ಥರ್ಡ್ ಅವೆನ್ಯೂ ಎಲ್ ಮುಂದೆ ನದಿ ದಾಟಿ ಬ್ರಾಂಕ್ಸ್ ಪ್ರದೇಶಕ್ಕೂ ಹೋಯಿತು. 1886ರಿಂದ ಎಲ್ಲ ಹೊತ್ತಿನಲ್ಲೂ ಟಿಕೆಟ್ಟಿಗೆ ಐದೇ ಸೆಂಟು. ಆಗ ನಿಂತ ಆ ದರ 1948ರವರೆಗೆ, ಎರಡು ತಲೆಮಾರುಗಳ ಕಾಲ, ಬದಲಾಗಲಿಲ್ಲ.

ಐದು ಸೆಂಟಿನ ನಾಟಕ

ಎಲ್ ಪ್ರಯಾಣಕ್ಕಿದ್ದ ವಿಶೇಷವೆಂದರೆ ಅದರ ಕಿಟಕಿ. ಹಳಿಗಳು ಹಾದಿದ್ದುದು ಮನೆಗಳ ಮೇಲಂತಸ್ತಿನ ಮಟ್ಟದಲ್ಲಿ. ಕೆಲವೆಡೆ ಬೋಗಿಗೂ ಮನೆಯ ಕಿಟಕಿಗೂ ನಡುವೆ ಕೆಲವೇ ಅಡಿಗಳ ಅಂತರ. ಹೀಗಾಗಿ ಐದು ಸೆಂಟು ಕೊಟ್ಟವನಿಗೆ ಊರಿನ ಸಾವಿರಾರು ಮನೆಗಳ ಒಳಗು ಕಾಣುತ್ತಿತ್ತು. ಊಟಕ್ಕೆ ಕುಳಿತ ಕುಟುಂಬ, ಹೊಲಿಗೆ ಯಂತ್ರದ ಮೇಲೆ ಬಾಗಿದ ದರ್ಜಿ, ಬನಿಯನ್ನಿನಲ್ಲಿ ಕಿಟಕಿಗೆ ಮೊಳಕೈ ಊರಿ ನಿಂತವನು, ಹೀಗೆ ಒಂದೊಂದು ಚೌಕಟ್ಟಿನಲ್ಲಿ ಒಂದೊಂದು ಬದುಕು. ನೋಡಿ ಮುಗಿಸುವಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು.

ಕಾದಂಬರಿಕಾರ ವಿಲಿಯಂ ಡೀನ್ ಹೋವೆಲ್ಸ್ ಇದನ್ನು ಬಹಳ ಮೊದಲೇ ಗುರುತಿಸಿದ. 1890ರಲ್ಲಿ ಬಂದ ಆತನ ‘ಎ ಹಜಾರ್ಡ್ ಆಫ್ ನ್ಯೂ ಫಾರ್ಚೂನ್ಸ್’ ಕಾದಂಬರಿಯಲ್ಲಿ ಹೊಸದಾಗಿ ಊರಿಗೆ ಬಂದ ದಂಪತಿ ರಾತ್ರಿ ಹೊತ್ತು ಎಲ್ ಹತ್ತಿ, ಕಿಟಕಿಗಳೊಳಗಿನ ದೃಶ್ಯಗಳನ್ನು ನಾಟಕ ನೋಡಿದಂತೆ ಸವಿಯುತ್ತಾರೆ. ಚಿತ್ರಕಾರ ಎಡ್ವರ್ಡ್ ಹಾಪರ್‌ಗೂ ಈ ರೈಲು ಗುರುವಿನಂತಾಯಿತು. 1940ರ ‘ಆಫೀಸ್ ಅಟ್ ನೈಟ್’ ಚಿತ್ರದ ಹೊಳಹು ತನಗೆ ಸಿಕ್ಕಿದ್ದು ಬಹುಶಃ ಕತ್ತಲಾದ ಮೇಲೆ ಎಲ್ ರೈಲಿನಲ್ಲಿ ಹೋಗುವಾಗ ಕಂಡ ಕಚೇರಿಗಳ ಕ್ಷಣನೋಟಗಳಿಂದ ಎಂದು ಆತನೇ ಹೇಳಿಕೊಂಡಿದ್ದಾನೆ. ಜಾನ್ ಸ್ಲೋನ್ 1912ರಲ್ಲಿ ಬರೆದ ‘ಸಿಕ್ಸ್ ಓ ಕ್ಲಾಕ್, ವಿಂಟರ್’ ಚಿತ್ರದಲ್ಲಿ ಚಳಿಗಾಲದ ಸಂಜೆ ಕೆಲಸ ಬಿಟ್ಟ ಜನರ ನೆತ್ತಿಯ ಮೇಲೆ ದೀಪ ಹೊತ್ತ ರೈಲು ನಿಂತಿದೆ. ಸಿನಿಮಾ ಮಂದಿಯೂ ಹಿಂದೆ ಬೀಳಲಿಲ್ಲ. 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ದೈತ್ಯ ವಾನರ ಪುಡಿಗಟ್ಟುವುದು ಇಂಥದೇ ರೈಲನ್ನು.

ನಿಲ್ದಾಣಗಳದ್ದೂ ಒಂದು ಸೊಗಸು. ಸಿಕ್ಸ್ತ್ ಅವೆನ್ಯೂ ಎಲ್‌ನ ನಿಲ್ದಾಣಗಳ ವಿನ್ಯಾಸ ಮಾಡಿದವನು ಜಾಸ್ಪರ್ ಕ್ರಾಪ್ಸಿ ಎಂಬ ಹೆಸರಾಂತ ಪ್ರಕೃತಿ ಚಿತ್ರಕಾರ. ಕುಸುರಿ ಕೆಲಸದ ಕಬ್ಬಿಣ, ಇಳಿಜಾರು ಮಾಡು ಇದ್ದ ಅವು ಬೆಟ್ಟದ ಮೇಲಿನ ಬಂಗಲೆಗಳಂತೆ ಕಾಣುತ್ತಿದ್ದವು. ಥರ್ಡ್ ಅವೆನ್ಯೂವಿನ ಹಳೆಯ ನಿಲ್ದಾಣಗಳಲ್ಲಿ ಬಣ್ಣದ ಗಾಜಿನ ಕಿಟಕಿಗಳೂ, ಚಳಿಗೆ ಮೈ ಕಾಯಿಸಿಕೊಳ್ಳಲು ದುಂಡು ಹೊಟ್ಟೆಯ ಕಲ್ಲಿದ್ದಲಿನ ಒಲೆಗಳೂ ಇದ್ದವು. ಬೋಗಿಗಳ ನಡುವಿನ ತೆರೆದ ಜಾಗದಲ್ಲಿ ನಿಂತ ಗಾರ್ಡ್ ಸರಳು ಎಳೆದು ಗೇಟು ತೆರೆಯುತ್ತಿದ್ದ. ಇವೆಲ್ಲ ಮುಂದೆ ನೆನಪಿನ ಬುತ್ತಿಯಾದವು.

ಕೆಳಗಿದ್ದವರ ಮಾತು

ಇದು ಮೇಲೆ ಕುಳಿತವರು ಕಂಡದ್ದು. ಕೆಳಗಿದ್ದವರನ್ನು ಕೇಳಿದರೆ ಕಥೆ ಬೇರೆ.

ಉಗಿ ಎಂಜಿನ್ನಿನ ಕಾಲದಲ್ಲಿ ಹಳಿಯ ಕೆಳಗೆ ನಡೆಯುವವರ ಮೇಲೆ ಬೂದಿ, ಕೆಂಡದ ಕಿಡಿ, ಎಣ್ಣೆಯ ಹನಿಗಳು ಉದುರುತ್ತಿದ್ದವು. ಗಾಡಿ ಕುದುರೆಗಳು ಸದ್ದಿಗೆ ಬೆದರುತ್ತಿದ್ದವು. ಒಣಗಲು ಹಾಕಿದ ಬಟ್ಟೆ ಮಸಿಯಾಗುತ್ತಿತ್ತು. 1903ರ ಹೊತ್ತಿಗೆ ದಾರಿಗಳೆಲ್ಲ ವಿದ್ಯುತ್ತಿಗೆ ಬದಲಾದಾಗ ಹೊಗೆಯೇನೋ ಹೋಯಿತು. ಸದ್ದು ಮತ್ತು ಕತ್ತಲು ಉಳಿದವು. ರೈಲು ಬಂದಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುವುದು ಅಕ್ಕಪಕ್ಕದ ಮನೆಗಳವರಿಗೆ ರೂಢಿಯಾಗಿತ್ತು. ಪ್ರಯಾಣಿಕರಿಗೆ ನಾಟಕವಾಗಿದ್ದ ಆ ಕಿಟಕಿಗಳ ಒಳಗೆ ಬಾಳುತ್ತಿದ್ದವರಿಗೆ ಪರದೆ ಎಳೆದರೆ ಗಾಳಿಯಿಲ್ಲ, ತೆರೆದರೆ ಮರ್ಯಾದೆಯಿಲ್ಲ. ಸಹಜವಾಗಿಯೇ ಅಲ್ಲಿ ಬಾಡಿಗೆ ಕಡಿಮೆ, ಬಾಡಿಗೆಗೆ ಬರುವವರು ಬಡವರು. ಗಾಳಿ-ಬೆಳಕಿಲ್ಲದ ಮನೆಗಳಿಂದ ಬಡವರನ್ನು ಬಿಡಿಸಬೇಕೆಂದು ವೈದ್ಯ ಗಿಲ್ಬರ್ಟ್ ಹಂಬಲಿಸಿದ್ದ. ಆತನ ರೈಲು ಕೆಲವರಿಗೆ ಗಾಳಿ-ಬೆಳಕು ಕೊಟ್ಟಿತು, ಇನ್ನು ಕೆಲವರಿಂದ ಅದನ್ನೇ ಕಿತ್ತುಕೊಂಡಿತು.

ಈ ವಿಷಯ ನ್ಯಾಯಾಲಯಕ್ಕೂ ಹೋಯಿತು. ರಸ್ತೆ ಸಾರ್ವಜನಿಕರದ್ದು, ಅದರ ಮೇಲೆ ಏನು ಕಟ್ಟಿದರೂ ಪಕ್ಕದ ಮನೆಯವನು ಕೇಳುವ ಹಾಗಿಲ್ಲ ಎಂಬುದು ಕಂಪೆನಿಗಳ ನಿಲುವು. ಸ್ಟೋರಿ ಎಂಬ ಕಟ್ಟಡ ಮಾಲೀಕ ಇದನ್ನು ಪ್ರಶ್ನಿಸಿದ. 1882ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಆತನ ಪರವಾಗಿ ತೀರ್ಪು ನೀಡಿತು. ರಸ್ತೆಯ ಕಡೆಯಿಂದ ಬರುವ ಬೆಳಕು, ಗಾಳಿ ಮತ್ತು ಓಡಾಟದ ಅನುಕೂಲ ಕಟ್ಟಡದ ಮಾಲೀಕನ ಹಕ್ಕು; ಅದನ್ನು ಕಸಿದುಕೊಂಡರೆ ಪರಿಹಾರ ಕೊಡಬೇಕು ಎಂದಿತು. ಆ ಬಳಿಕ ಮಾಲೀಕರು ಒಬ್ಬರ ಹಿಂದೊಬ್ಬರು ದಾವೆ ಹೂಡಿದರು. ಪರಿಹಾರ ಸಿಕ್ಕಿದ್ದು ಕಟ್ಟಡದ ಒಡೆಯರಿಗೆ. ಕತ್ತಲಲ್ಲಿ ಬಾಳಿದ ಬಾಡಿಗೆದಾರರಿಗೆ ಅಲ್ಲ.

ಅಪಾಯವೂ ಇತ್ತು. ನೈಂತ್ ಅವೆನ್ಯೂ ಎಲ್ 110ನೇ ಸ್ಟ್ರೀಟಿನ ಬಳಿ ಭಾರಿ ಎತ್ತರದಲ್ಲಿ ಹಾವಿನಂತೆ ಹೊರಳುತ್ತಿತ್ತು. ಆ ತಿರುವಿಗೆ ಜನ ‘ಆತ್ಮಹತ್ಯೆಯ ತಿರುವು’ ಎಂದೇ ಹೆಸರಿಟ್ಟಿದ್ದರು. 1905ರ ಸೆಪ್ಟೆಂಬರ್ 11ರಂದು 53ನೇ ಸ್ಟ್ರೀಟಿನ ತಿರುವಿನಲ್ಲಿ ಅದೇ ದಾರಿಯ ರೈಲು ಹಳಿ ತಪ್ಪಿತು. ಬೋಗಿಯೊಂದು ಬೀದಿಗೆ ಉರುಳಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು.

ಒಂದೊಂದಾಗಿ ಉರುಳಿದವು

1904ರ ಅಕ್ಟೋಬರ್ 27ರಂದು ನೆಲದಡಿಯ ಸಬ್‌ವೇ ರೈಲು ಶುರುವಾದಾಗಲೇ ಎಲ್‌ನ ಆಯುಸ್ಸು ಲೆಕ್ಕಕ್ಕೆ ಸಿಕ್ಕಿತೆನ್ನಬಹುದು. ಬೆಳಕನ್ನು ಮುಚ್ಚದೆ ಜನರನ್ನು ಸಾಗಿಸುವ ದಾರಿ ಈಗ ಇತ್ತು. ಆಸ್ತಿವಂತರು, ವರ್ತಕರು ಎಲ್ ಹೋಗಲಿ ಎಂದು ಒತ್ತಾಯಿಸಿದರು. ಹಳಿ ಹೋದರೆ ರಸ್ತೆ ಬೆಳಗುತ್ತದೆ, ರಸ್ತೆ ಬೆಳಗಿದರೆ ನಿವೇಶನದ ಬೆಲೆ ಏರುತ್ತದೆ ಎಂಬ ಲೆಕ್ಕ ಅವರದು. 1930ರ ದಶಕದಲ್ಲಿ ಮೇಯರ್ ಆಗಿದ್ದ ಫಿಯೊರೆಲೊ ಲಾಗಾರ್ಡಿಯಾ ಕೂಡ ಎಲ್‌ಗಳನ್ನು ಕೆಡವುವುದರ ಪರ ಇದ್ದರು.

ಮೊದಲು ಹೋದದ್ದು ಸಿಕ್ಸ್ತ್ ಅವೆನ್ಯೂ ಎಲ್. 1938ರ ಡಿಸೆಂಬರ್ 4ರಂದು ಸಂಚಾರ ನಿಂತಿತು. ಮರುವರ್ಷ ಕಂಬಗಳು ಉರುಳಿದವು. ಅದರ ಗುಜರಿ ಕಬ್ಬಿಣ ಜಪಾನಿಗೆ ಹೋಗಿ, ಯುದ್ಧದಲ್ಲಿ ಗುಂಡುಗಳಾಗಿ ಅಮೆರಿಕದ ಸೈನಿಕರ ಮೇಲೆಯೇ ಮರಳಿತು ಎಂಬ ಮಾತು ಜನರ ಬಾಯಲ್ಲಿ ಹರಡಿತು. ನಗರದ ಅಧಿಕಾರಿಗಳು ಇದನ್ನು ನಿರಾಕರಿಸಿದರು. ಆದರೂ ಆ ಮಾತು ದಂತಕಥೆಯಂತೆ ಉಳಿದುಕೊಂಡಿತು.

1940ರ ಜೂನ್‌ನಲ್ಲಿ ಖಾಸಗಿ ರೈಲು ಕಂಪೆನಿಗಳನ್ನು ನಗರಾಡಳಿತವೇ ಕೊಂಡುಕೊಂಡಿತು. ಅದೇ ತಿಂಗಳು ನೈಂತ್ ಅವೆನ್ಯೂ ಎಲ್‌ನ ಬಹುಭಾಗ ಮತ್ತು ಸೆಕೆಂಡ್ ಅವೆನ್ಯೂ ಎಲ್‌ನ ಉತ್ತರ ಭಾಗ ಮುಚ್ಚಿದವು. ಸೆಕೆಂಡ್ ಅವೆನ್ಯೂವಿನ ಉಳಿದ ಭಾಗ 1942ರ ಜೂನ್‌ನಲ್ಲಿ ನಿಂತಿತು. ಯುದ್ಧದ ಆ ದಿನಗಳಲ್ಲಿ ಅದರ ಉಕ್ಕಿಗೆ ಬೇಡಿಕೆಯಿತ್ತು. ಹಳೆಯ ಬೋಗಿಗಳಲ್ಲಿ ಕೆಲವು ದೇಶದ ಇನ್ನೊಂದು ತುದಿಯಾದ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ರಿಚ್ಮಂಡ್‌ನ ಹಡಗು ಕಟ್ಟುವ ಕಾರ್ಮಿಕರನ್ನು ಹೊತ್ತವು.

ಕೊನೆಗೆ ಉಳಿದದ್ದು ಥರ್ಡ್ ಅವೆನ್ಯೂ ಎಲ್ ಒಂದೇ. ಅದನ್ನೂ ತುಂಡುತುಂಡಾಗಿ ಕತ್ತರಿಸಲಾಯಿತು. 1955ರ ಮೇ 12ರ ಸಂಜೆ ಮ್ಯಾನ್‌ಹಟನ್ನಿನಲ್ಲಿ ಅದರ ಕೊನೆಯ ರೈಲು ಓಡಿತು. ಇನ್ನು ಇದು ಇರುವುದಿಲ್ಲ ಎಂದು ಗೊತ್ತಾದಾಗ ಕ್ಯಾಮೆರಾ ಹಿಡಿದವರು ಓಡಿ ಬಂದರು. ಕಾರ್ಸನ್ ಡೇವಿಡ್‌ಸನ್ ತೆಗೆದ ಎಲ್ ಕುರಿತ ಕಿರುಚಿತ್ರ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿತು. ಕಲಾವಿದ ಜೋಸೆಫ್ ಕಾರ್ನೆಲ್ ತನ್ನ ಮೆಚ್ಚಿನ ಈ ರೈಲನ್ನು ಸೆರೆಹಿಡಿಯಲು ಸ್ಟ್ಯಾನ್ ಬ್ರಾಕೇಜ್ ಎಂಬ ಯುವ ನಿರ್ದೇಶಕನನ್ನು ಕೇಳಿಕೊಂಡ. ಅದರಿಂದ ಹುಟ್ಟಿದ್ದು ‘ದಿ ವಂಡರ್ ರಿಂಗ್’. ಗಾಜಿನಲ್ಲಿ ಕದಲುವ ನೆರಳು-ಬೆಳಕುಗಳೇ ಅದರ ವಸ್ತು.

ಬಾರದ ರೈಲು

ಕೆಡವಿದ್ದರಿಂದ ಹೇಳಿದಂತೆಯೇ ಬೆಳಕು ಬಂತು. ಥರ್ಡ್ ಅವೆನ್ಯೂವಿನ ಹಳೆಯ ಇಟ್ಟಿಗೆ ಮನೆಗಳು, ಗಿರವಿ ಅಂಗಡಿಗಳು, ಹೆಂಡದಂಗಡಿಗಳು ಒಂದೊಂದಾಗಿ ಹೋಗಿ ಎತ್ತರದ ಕಚೇರಿಗಳು, ದುಬಾರಿ ವಸತಿ ಸಮುಚ್ಚಯಗಳು ಎದ್ದವು. ಆದರೆ ಬೆಳಕಿನ ಜೊತೆಗೆ ಇನ್ನೊಂದು ಭರವಸೆಯೂ ಇತ್ತು. ಎಲ್ ಹೋದ ಜಾಗಕ್ಕೆ ನೆಲದಡಿ ರೈಲು ಬರುತ್ತದೆ ಎಂಬ ಭರವಸೆ ಅದು.

ದ್ವೀಪದ ಪಶ್ಚಿಮ ಭಾಗದಲ್ಲಿ ಈ ಮಾತು ನಡೆಯಿತು. ನೈಂತ್ ಅವೆನ್ಯೂ ಎಲ್ ಮುಚ್ಚುವ ಮೊದಲೇ, 1932ರಲ್ಲಿ, ಪಕ್ಕದ ಏಯ್ತ್ ಅವೆನ್ಯೂವಿನಡಿ ಸಬ್‌ವೇ ಬಂದಿತ್ತು. ಸಿಕ್ಸ್ತ್ ಅವೆನ್ಯೂವಿನವರು ಎರಡು ವರ್ಷ ಕಾದರು. 1940ರ ಡಿಸೆಂಬರ್‌ನಲ್ಲಿ ಅವರಿಗೂ ರೈಲು ಸಿಕ್ಕಿತು. ಪೂರ್ವ ಭಾಗದವರ ಅದೃಷ್ಟ ಹಾಗಿರಲಿಲ್ಲ. ಸೆಕೆಂಡ್ ಅವೆನ್ಯೂವಿನಡಿ ಸಬ್‌ವೇ ಕಟ್ಟುವ ಯೋಜನೆ 1929ರಲ್ಲೇ ಪ್ರಕಟವಾಗಿತ್ತು. ಆರ್ಥಿಕ ಮುಗ್ಗಟ್ಟು, ಯುದ್ಧಗಳಿಂದಾಗಿ ಅದು ಮುಂದೆ ಹೋಯಿತು. 1951ರಲ್ಲಿ ಐವತ್ತು ಕೋಟಿ ಡಾಲರ್ ಸಾಲ ಎತ್ತಲು ಮತದಾರರು ಒಪ್ಪಿಗೆ ಕೊಟ್ಟರು. ಸಬ್‌ವೇ ಬರುತ್ತದೆಂದು ನಂಬಿಯೇ ಕೊಟ್ಟ ಒಪ್ಪಿಗೆ ಅದು. ಆ ಹಣ ಹಳೆಯ ದಾರಿಗಳ ದುರಸ್ತಿ, ಸುಧಾರಣೆಗಳಲ್ಲಿ ಕರಗಿತು. ಸಬ್‌ವೇ ಬರಲಿಲ್ಲ, ನಾಲ್ಕು ವರ್ಷಗಳಲ್ಲಿ ಎಲ್ ಮಾತ್ರ ಹೋಯಿತು.

1972ರಲ್ಲಿ ಅಗೆತ ಶುರುವಾಯಿತು. 1975ರಲ್ಲಿ ನಗರವೇ ದಿವಾಳಿಯ ಅಂಚಿಗೆ ಬಂದಾಗ ಅದೂ ನಿಂತಿತು. ಕೊನೆಗೆ ಸೆಕೆಂಡ್ ಅವೆನ್ಯೂ ಸಬ್‌ವೇಯ ಮೊದಲ ಹಂತ ಆರಂಭವಾದದ್ದು 2017ರ ಜನವರಿ 1ರಂದು. ಥರ್ಡ್ ಅವೆನ್ಯೂ ಎಲ್ ನಿಂತು ಆಗ 61 ವರ್ಷ ದಾಟಿತ್ತು. ಮೂರು ಹೊಸ ನಿಲ್ದಾಣಗಳ, ಸುಮಾರು ಮೂರು ಕಿಲೋಮೀಟರ್ ಉದ್ದದ ಆ ದಾರಿಗೆ ತಗಲಿದ ವೆಚ್ಚ ಸುಮಾರು 450 ಕೋಟಿ ಡಾಲರ್. ನಡುವಿನ ಅಷ್ಟೂ ವರ್ಷ ಪೂರ್ವ ಭಾಗದ ಜನರೆಲ್ಲ ಲೆಕ್ಸಿಂಗ್ಟನ್ ಅವೆನ್ಯೂ ಸಬ್‌ವೇ ಒಂದನ್ನೇ ನೆಚ್ಚಬೇಕಾಯಿತು. ಅದು ಅಮೆರಿಕದಲ್ಲೇ ಅತಿ ದಟ್ಟಣೆಯ ದಾರಿ ಎನಿಸಿತು. 2017ಕ್ಕೆ ಮೊದಲು ದಿನಕ್ಕೆ ಸುಮಾರು 13 ಲಕ್ಷ ಪ್ರಯಾಣಿಕರು ಅದರಲ್ಲಿ ಓಡಾಡುತ್ತಿದ್ದರು.

ಬ್ರಾಂಕ್ಸ್‌ನವರ ಪಾಡು ಇನ್ನೂ ಕಷ್ಟದ್ದು. ಅಲ್ಲಿನ ಥರ್ಡ್ ಅವೆನ್ಯೂವಿನ ಮೇಲೆ ಎಲ್‌ನ ತುಂಡೊಂದು 1973ರವರೆಗೆ ಉಳಿದಿತ್ತು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಅದೂ ನಿಂತಿತು. ಬದಲಿಗೆ ಸಿಕ್ಕಿದ್ದು ಬಸ್ಸು. ಬಡವರು ಹೆಚ್ಚಾಗಿದ್ದ ಆ ಭಾಗದಲ್ಲಿ ಮನೆಗಳು ಪಾಳುಬಿದ್ದು ಸುಟ್ಟುಹೋಗುತ್ತಿದ್ದ ದಶಕ ಅದು. ಎಲ್ ಹೋದ ಥರ್ಡ್ ಅವೆನ್ಯೂವಿನಡಿ ಬ್ರಾಂಕ್ಸ್‌ನಲ್ಲಿ ಇಂದಿಗೂ ರೈಲು ಬಂದಿಲ್ಲ.

ನೆನಪು ಯಾರದು?

ಎಲ್ ಬಗೆಗಿನ ಹಳಹಳಿಕೆಯನ್ನು ಮುದುಕರ ಮೋಹ ಎಂದು ತಳ್ಳಿಹಾಕುವುದು ಸುಲಭ. ಕತ್ತಲು, ಸದ್ದು, ಮಸಿಯನ್ನು ಮರೆತು ಬಣ್ಣದ ಗಾಜನ್ನಷ್ಟೇ ನೆನೆಯುವವರೂ ಇದ್ದಾರೆ, ನಿಜ. ರೈಲಿನ ಕಿಟಕಿಯಿಂದ ನೋಡಿದವರು ಬರೆದಿಟ್ಟರು, ಚಿತ್ರ ಬಿಡಿಸಿದರು. ಮನೆಯ ಕಿಟಕಿಯಿಂದ ರೈಲನ್ನು ಸಹಿಸಿದವರಲ್ಲಿ ಬರೆದವರು ಕಡಿಮೆ. ಹಾಗಾಗಿ ನಮ್ಮವರೆಗೆ ಬಂದಿರುವ ನೆನಪು ಹೆಚ್ಚಾಗಿ ಪ್ರಯಾಣಿಕನದು.

ಆದರೆ ಆ ನೆನಪಿನೊಳಗೆ ನ್ಯಾಯವಾದ ದೂರೊಂದೂ ಇದೆ. ಎಲ್ ಕುರೂಪವಾಗಿತ್ತು, ಆದರೆ ಇತ್ತು. ಐದು ಸೆಂಟಿಗೆ ಹೊಲಿಗೆಯವಳನ್ನೂ ಗುಮಾಸ್ತನನ್ನೂ ಬಾಗಿಲ ಬಳಿಯಿಂದ ಕೆಲಸಕ್ಕೆ ಕರೆದೊಯ್ಯುತ್ತಿತ್ತು. ಅದನ್ನು ಕೆಡವಿದಾಗ ಬೆಳಕು ತಕ್ಷಣ ಬಂತು, ಬೆಳಕಿನ ಹಿಂದೆಯೇ ಬಾಡಿಗೆಯೂ ಏರಿತು. ಮಾತು ಕೊಟ್ಟಿದ್ದ ರೈಲು ಬರುವಷ್ಟರಲ್ಲಿ ಅದನ್ನು ಕಾದಿದ್ದವರಲ್ಲಿ ಅನೇಕರು ಆ ಬೀದಿಯಲ್ಲಿ ಬಾಳಲಾಗದೆ ಬೇರೆಡೆಗೆ ಹೋಗಿದ್ದರು.

ನ್ಯೂಯಾರ್ಕಿನಲ್ಲಿ ಎತ್ತರದ ಹಳಿಗಳು ಪೂರ್ತಿ ಕಾಣೆಯಾಗಿಲ್ಲ. ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್‌ಗಳಲ್ಲಿ ಎಷ್ಟೋ ಬೀದಿಗಳ ಮೇಲೆ ಇಂದಿಗೂ ರೈಲುಗಳು ಗಡಗಡಿಸುತ್ತವೆ. 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದ ಹೆಸರಾಂತ ಕಾರು ಬೆನ್ನಟ್ಟುವ ದೃಶ್ಯ ನಡೆಯುವುದು ಬ್ರೂಕ್ಲಿನ್ನಿನ ಅಂಥದೇ ಹಳಿಗಳ ಕೆಳಗೆ. ಇತ್ತ ಮ್ಯಾನ್‌ಹಟನ್ನಿನ ಪಶ್ಚಿಮದಲ್ಲಿ ಸರಕು ರೈಲುಗಳಿಗೆಂದು 1934ರಲ್ಲಿ ತೆರೆದಿದ್ದ ಎತ್ತರದ ದಾರಿಯೊಂದು 1980ರಿಂದ ಖಾಲಿ ಬಿದ್ದಿತ್ತು. ಅದನ್ನೂ ಕೆಡವಬೇಕೆಂಬ ಒತ್ತಾಯವಿತ್ತು. ಊರಿನವರು ಈ ಸಲ ತಡೆದರು. 2009ರಿಂದ ಅದು ‘ಹೈ ಲೈನ್’ ಎಂಬ ಉದ್ಯಾನ. ಹಳಿಗಳ ನಡುವೆ ಹುಲ್ಲು, ಹೂಗಿಡ ಬೆಳೆದಿವೆ. ಲಕ್ಷಾಂತರ ಜನ ಅಲ್ಲಿ ನಡೆದಾಡುತ್ತ ಮಾಳಿಗೆಯ ಎತ್ತರದಿಂದ ಊರನ್ನು ನೋಡುತ್ತಾರೆ. ಎಲ್‌ನ ಪ್ರಯಾಣಿಕರು ಕಂಡ ನೋಟ ಅವರಿಗೆ ಮತ್ತೆ ಸಿಕ್ಕಿದೆ, ರೈಲು ಮಾತ್ರ ಇಲ್ಲ.

ಆ ಉದ್ಯಾನದ ಎರಡೂ ಬದಿ ಈಗ ಊರಿನ ಅತಿ ದುಬಾರಿ ಮನೆಗಳಿವೆ. ಒಂದು ಕಾಲದಲ್ಲಿ ಹಳಿಯ ಪಕ್ಕದ ಕಿಟಕಿ ಬಡವನ ಪಾಲಿನದಾಗಿತ್ತು.